ಹದಿನೇಳನೆಯ ಸ್ವರ

ಏಳುನೂರು ವರ್ಷ ಹಳೆಯ ಒಂದು ಲ್ಯಾಟಿನ್ ಪ್ರಾರ್ಥನಾಗೀತೆಯಲ್ಲಿ ಹದಿನೇಳನೆಯ ಸ್ವರ ಮಾತ್ರ ಉಳಿದ ಹಾಡಿನ ಜೊತೆ ಹೊಂದುತ್ತಿರಲಿಲ್ಲ. ಅದು ಸಂಯೋಜಕನ ಧೈರ್ಯ ಎಂದು ಬರೆದು ಫ್ಲೇವಿಯಾ ರೆಬೆಲ್ಲೊ ಡಾಕ್ಟರೇಟ್ ಪಡೆದರು. ಧೈರ್ಯವೂ ಇಲ್ಲ ಏನೂ ಇಲ್ಲ, ನಕಲು ಮಾಡಿದವನ ಕೈತಪ್ಪು ಎಂದು ವಾದಿಸಿ ವಾದಿರಾಜ ಕೆದ್ಲಾಯರು ಪ್ರೊಫೆಸರಾದರು. ಇಬ್ಬರೂ ಮಂಗಳೂರಿನವರೇ. ಇಪ್ಪತ್ತೆರಡು ವರ್ಷ ವಿದ್ವತ್ ಪತ್ರಿಕೆಗಳಲ್ಲಿ ಜಗಳವಾಡಿದರು. ಆದರೆ ಇಬ್ಬರೂ ನೋಡಿದ್ದು ಆ ಗೀತೆಯ ಸ್ವರಗಳನ್ನು ಚುಕ್ಕೆಗಳಾಗಿ ಬರೆದಿಟ್ಟ ಹಳೆಯ ಹಾಳೆಯ ಫೋಟೋ ಮಾತ್ರ.

ಕೊನೆಗೊಮ್ಮೆ ಇಟಲಿಯ ಮಠವೊಂದರ ಗ್ರಂಥಾಲಯ ಮೂಲ ಪ್ರತಿಯನ್ನು ನೋಡಲು ಇಬ್ಬರನ್ನೂ ಒಂದೇ ದಿನ ಕರೆಯಿತು. ಗ್ರಂಥಪಾಲಕಿ ತೊಗಲಿನ ಹಾಳೆಯನ್ನು ಮೇಜಿನ ಮೇಲೆ ಹರಡಿ, ಧೂಳು ಹೋಗಲೆಂದು ಮೆತ್ತನೆಯ ಬ್ರಷ್ಷಿನಿಂದ ಸವರಿದರು. ಹದಿನೇಳನೆಯ ಸ್ವರದ ಚುಕ್ಕೆ ಎದ್ದು ಬಂದು ಬ್ರಷ್ಷಿಗೆ ಅಂಟಿಕೊಂಡಿತು. ಅವರು ಅದನ್ನು ಭೂತಗನ್ನಡಿಯಲ್ಲಿ ನೋಡಿ, “ನೊಣದ ಹಿಕ್ಕೆ” ಎಂದರು.

ಫ್ಲೇವಿಯಾ ಕೆದ್ಲಾಯರ ಕಡೆ ತಿರುಗಿದರು. “ನೀವೇ ಗೆದ್ರಿ ಪ್ರೊಫೆಸರ್ರೆ. ಈ ವಾರವೇ ನನ್ನ ತಪ್ಪು ಒಪ್ಪಿ ಬರೀತೇನೆ.”

“ನಾನೆಲ್ಲಿ ಗೆದ್ದದ್ದು ಮಾರಾಯ್ರೆ?” ಎಂದರು ಕೆದ್ಲಾಯರು. “ಅದನ್ನು ಬರೆದವನಿಗೆ ಕಣ್ಣು ಮಂಜಾಗಿತ್ತು, ಅವ ಎಡಚ, ಅವನಿಗೆ ಅರುವತ್ತು ದಾಟಿತ್ತು ಅಂತ ನಾನು ನಾನ್ನೂರು ಪುಟ ಬರೆದಿದ್ದೇನೆ!”

“ಹಾಗಾದ್ರೆ ಈಗ ಎಂತ ಮಾಡುವುದು?”

ಕೆದ್ಲಾಯರು ಗ್ರಂಥಪಾಲಕಿಯ ಕಡೆ ತಿರುಗಿ, ತಮಗೆ ಬರುವ ಅತ್ಯಂತ ವಿನಯದ ಇಟಾಲಿಯನ್‌ನಲ್ಲಿ ಕೇಳಿದರು:

“ಮೇಡಂ, ಅದನ್ನು ಇದ್ದ ಜಾಗಕ್ಕೇ ವಾಪಸ್ ಅಂಟಿಸಬಹುದೇ?”