ಒಂದನೇ ಕೋಣೆಯ ಅಳು

ಏಣಿಯ ಮೇಲೆ ನಿಂತು ಐದನೇ ಕೋಣೆಯ ಗೋಡೆಗೆ ಕ್ಯಾಮೆರಾ ಕೂರಿಸುತ್ತಿದ್ದವಳ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸ್ಕ್ರೂ ಅರ್ಧಕ್ಕೇ ನಿಂತಿತು. ನೋಡದೆಯೂ ಅವಳಿಗೆ ಗೊತ್ತಿತ್ತು. ಒಂದನೇ ಕೋಣೆ. ಅಳು.

ಕೋಣೆಗಳ ಸಾಲಿನ ಆ ತುದಿಯಿಂದ ಮಗಳ ದನಿ ಕೇಳಿಸಿತು. "ಅಳಬೇಡ ಮುದ್ದು. ನಾನು ಬೇಗ ಬಂದುಬಿಡ್ತೀನಿ."

ಆಸ್ಪತ್ರೆಯ ಹಾಸಿಗೆಯಿಂದ ಮಗಳು ತನ್ನ ನಾಯಿಗೆಂದು ಕಳಿಸಿದ್ದ ಮಾತು ಅದು. ನಾಯಿ ಉಳಿಯಿತು. ಮಾತು ಉಳಿಯಿತು.

"ಮತ್ತೆ ಶುರುವಾಯ್ತಾ ಅವನ ರಾಗ?" ಕೆಳಗೆ ಏಣಿ ಹಿಡಿದಿದ್ದ ನಾದಿನಿ ಕೇಳಿದಳು. "ಇಳಿದು ಓಡಬೇಡಿ ಅತ್ತಿಗೆ. ನಿಯಮ ನಿಯಮವೇ."

ನಿಯಮ ನಾದಿನಿಯದೇ. ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಈ ಹೊಸ ವಸತಿಗೃಹದ ತಂತಿ, ಯಂತ್ರಗಳ ಯೋಜನೆಯೆಲ್ಲ ಅವಳ ತಲೆಯಿಂದ ಬಂದದ್ದು. ಪ್ರತಿ ಕೋಣೆಗೂ ಒಂದು ಕಣ್ಣು, ಒಂದು ಕಿವಿ, ಒಂದು ಬಾಯಿ ಎನ್ನುತ್ತಿದ್ದಳು. ಕಣ್ಣು ಕ್ಯಾಮೆರಾ. ಕಿವಿ ಮೈಕು; ಅಳು ಕೇಳಿದರೆ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಬಾಯಿ ಸ್ಪೀಕರು; ಸಾಕಿದವರು ಮೊದಲೇ ಹೇಳಿಟ್ಟ ಮಾತನ್ನು ಆ ಕೂಡಲೇ ನುಡಿಯುತ್ತದೆ. ಅಳುವ ನಾಯಿಯ ಬಳಿ ಮನುಷ್ಯರು ಓಡಿದರೆ ಅದು ಅಳುವುದನ್ನೇ ಕಲಿಯುತ್ತದೆ; ಆದ್ದರಿಂದ ಯಾರೂ ಹೋಗಕೂಡದು. ಕಣ್ಣುಗಳು ತಡವಾಗಿ ಬಂದಿದ್ದವು. ಕಿವಿ, ಬಾಯಿಗಳ ಪರೀಕ್ಷೆ ಮಾತ್ರ ಮನೆಯ ನಾಯಿಯ ಮೇಲೆ ಆಗಲೇ ನಡೆದಿತ್ತು.

ಮಗಳ ದನಿ ಹಾಕುವ ದಿನ ಗಂಡ ಒಂದೇ ಮಾತು ಆಡಿದ್ದ. "ಬೇಡ. ಅದು ಬರೀ ಯಂತ್ರ." ಹೇಳಿ, ಫಿನಾಯಿಲ್ ಬಕೆಟ್ಟು ಎತ್ತಿಕೊಂಡು ಹೊರಟುಹೋಗಿದ್ದ.

ಅವನು ಹಾಗೇ. ಮಗಳು ಹೋದ ದಿನವೂ ಬಂದವರಿಗೆಲ್ಲ ಕುರ್ಚಿ ಹಾಕುತ್ತ ಓಡಾಡಿದ. ಬಟ್ಟೆಗಳನ್ನು ಮಡಿಸಿ, ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ. ಅವನ ಕಣ್ಣಲ್ಲಿ ಒಂದು ಹನಿಯನ್ನೂ ಅವಳು ಕಾಣಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತು ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟಕ್ಕೆ ಇಳಿದಿತ್ತು. ಈ ಮನೆಯಲ್ಲಿ ನನ್ನ ಜೊತೆ ಅಳುವ ಜೀವ ಅಂದರೆ ಆ ನಾಯಿ ಒಂದೇ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಮಗಳ ದನಿ ಕೇಳಿದೊಡನೆ, ಗೋಡೆಗಳಾಚೆಯಿಂದ ಮಸುಕಾಗಿ ಕೇಳುವ ಆ ಅಳು ನಿಲ್ಲುತ್ತಿರಲಿಲ್ಲ, ಇನ್ನೂ ಜೋರಾಗುತ್ತಿತ್ತು. ಆಮೇಲೆ ಮೆಲ್ಲನೆ ಅಡಗುತ್ತಿತ್ತು. ಅವಳದೂ ಹಾಗೇ ಆಗುತ್ತಿತ್ತು.

"ಅತ್ತಿಗೆ, ನಾನು ಹೇಳೋದು ಕಹಿ ಅನ್ನಿಸಬಹುದು," ಎಂದಳು ನಾದಿನಿ. "ಒಂದು ಅತ್ತರೆ ಹತ್ತು ಅಳ್ತಾವೆ. ಬಂದವರ ನಾಯಿಗಳೆಲ್ಲ ಇವನ ಜೊತೆ ಭಜನೆಗೆ ಕೂತರೆ ಬಾಗಿಲು ತೆಗೆದ ದಿನವೇ ಬೀಗ ಹಾಕಬೇಕು. ನನ್ನ ಗೆಳತಿಯ ತೋಟ ಇದೆ. ಅಲ್ಲಿ ಆರಾಮಾಗಿರ್ತಾನೆ."

"ಅವನು ಅವಳ ನಾಯಿ."

"ಗೊತ್ತು. ನನಗೇನು ಕರುಳಿಲ್ವಾ? ಒಂದು ಕೆಲಸ ಮಾಡೋಣ. ಇವತ್ತೇ ಒಂದನೇ ಕೋಣೆಗೂ ಕ್ಯಾಮೆರಾ ಹಾಕಿ. ನಾಳೆ ಅತ್ತರೆ ಕಣ್ಣಾರೆ ನೋಡಿ, ನೀವೇ ಹೇಳಿ. ನೀವು ಬೇಡ ಅಂದ್ರೆ ನಾನು ತುಟಿ ಬಿಚ್ಚಲ್ಲ."

ಮಾತಿನ ಭರದಲ್ಲಿ ನಾದಿನಿಯ ಕೈ ತಗುಲಿ ಸ್ಟೀಲ್ ಬಟ್ಟಲುಗಳ ಸಾಲು ನೆಲಕ್ಕುರುಳಿತು. ಏಣಿಯ ಮೇಲಿದ್ದವಳು ಬೆಚ್ಚಿಬಿದ್ದಳು. ಅಂಗಳದಲ್ಲಿ ಕಾಗೆಗಳು ಹಾರಿದವು. ಹೊಸ್ತಿಲ ಬಳಿ ಯಾವಾಗಲೋ ಬಂದು ಬಿದ್ದುಕೊಂಡಿದ್ದ ನಾಯಿ ಮಾತ್ರ ಬಾಲದ ತುದಿಯನ್ನೂ ಅಲ್ಲಾಡಿಸಲಿಲ್ಲ.

"ನೋಡಿ, ಅತ್ತು ಮುಗಿಸಿ ಬಂದು ರಾಜನ ಹಾಗೆ ಮಲಗಿದ್ದಾನೆ," ಎಂದು ನಾದಿನಿ ನಕ್ಕಳು. "ಕರೆದರೂ ತಿರುಗಿ ನೋಡಲ್ಲ. ಮುದುಕನಾದ ಮೇಲೆ ಕೊಬ್ಬು ಜಾಸ್ತಿ."

ಸಂಜೆ ಗಂಡ ಹಾಸಿಗೆಗಳನ್ನು ತರಲು ಹೋದಾಗ ಅವಳು ಒಂದನೇ ಕೋಣೆಗೂ ಕಣ್ಣು ಕೂರಿಸಿದಳು. ಮಗಳ ಹಳೆಯ ಹೊದಿಕೆಯನ್ನು ಅಲ್ಲಿ ಯಾರೋ ಮೂಲೆ ಮೂಲೆ ಸೇರಿಸಿ ಮಡಿಸಿಟ್ಟಿದ್ದರು. ನಾದಿನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದುಕೊಂಡಳು.

ಮರುದಿನ ಊಟವಾದ ಮೇಲೆ ಎಂದಿನಂತೆ ಗಂಡ ನಾಯಿಯನ್ನು ಒಂದನೇ ಕೋಣೆಯಲ್ಲಿ ಮಲಗಿಸಿ, ನೆಲ ಒರೆಸಿ ಬರುತ್ತೇನೆಂದು ಬಕೆಟ್ಟು ಹಿಡಿದು ಹೋದ. ಅವಳು ಮುಂಭಾಗದ ಕೋಣೆಯ ಮೇಜಿನ ಮುಂದೆ ಕುಳಿತು ಕೊರಳಪಟ್ಟಿಗಳಿಗೆ ಬಿಲ್ಲೆ ಸಿಕ್ಕಿಸತೊಡಗಿದಳು. ಅಳದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಅಳು ನಿಂತರೆ ಆ ದನಿಯೂ ನಿಲ್ಲುತ್ತದಲ್ಲ ಎಂದೂ ಅದೇ ಮನಸ್ಸು ಹೆದರುತ್ತಿತ್ತು.

ಫೋನು ಗುಂಯ್‌ಗುಟ್ಟಿತು. ಕೈಯಲ್ಲಿದ್ದ ಬಿಲ್ಲೆ ಜಾರಿತು.

"ಅಳಬೇಡ ಮುದ್ದು..."

ಬಗ್ಗಿ ಬಿಲ್ಲೆ ಹುಡುಕಿದಳು. ಬೆರಳಿಗೆ ಬೆಚ್ಚನೆಯ ರೋಮ ತಗುಲಿತು. ಮೇಜಿನ ಕೆಳಗೆ, ಅವಳ ಪಾದಕ್ಕೆ ಮೂತಿಯೊತ್ತಿ, ನಾಯಿ ನಿದ್ದೆ ಹೋಗಿತ್ತು. ಗೋಡೆಯಾಚೆ ಒಡತಿಯ ದನಿ ಮತ್ತೆ ಕರೆಯಿತು. ಕಿವಿ ನಿಮಿರಲಿಲ್ಲ. ಅವಳು ಅದರ ಕಿವಿಯ ಬಳಿ ಚಪ್ಪಾಳೆ ತಟ್ಟಿದಳು. ಅದು ಉಸಿರಾಡುತ್ತಲೇ ಇತ್ತು, ಸಮನಾಗಿ, ಯಾವ ಸದ್ದೂ ಮುಟ್ಟದ ಕಡೆಯಿಂದ.

ಅವಳು ಫೋನಿನಲ್ಲಿ ಒಂದನೇ ಕೋಣೆಯ ಕ್ಯಾಮೆರಾ ತೆರೆದಳು. ನೋಡುತ್ತಲೇ ಇದ್ದಳು.

"ಏನಂತೆ ಅತ್ತಿಗೆ?" ಅಂಗಳದಿಂದ ನಾದಿನಿ ಕೂಗಿದಳು. "ಅಳ್ತಿದ್ದಾನಾ?"

"ಇಲ್ಲ ಕಣೇ. ನಾಯಿ ಇಲ್ಲೇ ನನ್ನ ಕಾಲ ಹತ್ರ ಇದೆ. ಆ ಯಂತ್ರಕ್ಕೇ ಏನೋ ಆಗಿದೆ." ದನಿ ಎಲ್ಲೂ ಬಿರುಕು ಬಿಡಲಿಲ್ಲ. "ಆ ಕೋಣೆ ಯಾರಿಗೂ ಕೊಡೋದು ಬೇಡ. ಹಾಗೇ ಇರಲಿ."

ಒಂದನೇ ಕೋಣೆಯ ಕಣ್ಣನ್ನು ಮುಚ್ಚಿದಳು. ಫೋನಿಗೆ ಬರುವ ಸುದ್ದಿಯನ್ನೂ ನಿಲ್ಲಿಸಿದಳು. ಕಿವಿಯನ್ನೂ ಬಾಯಿಯನ್ನೂ ಮುಟ್ಟಲಿಲ್ಲ. ಇನ್ನು ಮುಟ್ಟುವುದೂ ಇಲ್ಲ, ಯಾರಿಗೂ ಹೇಳುವುದೂ ಇಲ್ಲ.

ಗೋಡೆಯಾಚೆ, ಒಣಗಿದ ಬಕೆಟ್ಟಿನ ಪಕ್ಕ ನೆಲಕ್ಕೆ ಮಂಡಿಯೂರಿ, ಹೊದಿಕೆಯಲ್ಲಿ ಮುಖ ಹುದುಗಿಸಿದ್ದ ಅವಳ ಗಂಡನಿಗೆ ಮಗಳು ಇನ್ನೂ ಸಮಾಧಾನ ಹೇಳುತ್ತಲೇ ಇದ್ದಳು.