ಟಿವಿಗೆ ಹಾಕದ ಮಾತು

"ಕಂಪ್ಯೂಟರ್ ಬಂದಿದ್ದು ಛಲೋ ಆತೋ, ಕೆಟ್ಟಾತೋ? ನಿಮ್ಮ ಅಭಿಪ್ರಾಯ ಹೇಳ್ರಿ," ಎಂದು ಕೇಬಲ್ ಟಿವಿಯ ಹುಡುಗಿ ನಿಖಿತಾ ಮೈಕನ್ನು ರಾಮಲಿಂಗನ ಮುಂದೆ ಹಿಡಿದಳು. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅವಳ ಸುತ್ತ ನೆರೆದಿದ್ದರು. ಒಬ್ಬ ಚುನಾವಣೆಯ ಬಗ್ಗೆ, ಇನ್ನೊಬ್ಬ ಹೊಸ ಸಿನಿಮಾದ ನಾಯಕಿಯ ಬಗ್ಗೆ ಮಾತಾಡಿ ಆಗಲೇ ಎಲ್ಲರನ್ನೂ ನಗಿಸಿದ್ದರು.

ರಾಮಲಿಂಗ ನಗಲಿಲ್ಲ. "ನಾ ಕಬ್ಬಿಣ ಎರಕ ಹೊಯ್ಯೋ ಫೌಂಡ್ರಿಯೊಳಗ ಕಟ್ಟಿಗಿ ಅಚ್ಚು ಮಾಡಾಂವ್ರಿ. ಮೀಸಿ ಮೂಡೂಕಿಂತ ಮೊದಲಿಂದ ಅಲ್ಲೇ ದುಡದೀನಿ. ಈಗ ಅಚ್ಚು ಕೊರಿಯೋ ಕಂಪ್ಯೂಟರ್ ಮಷೀನ್ ತಂದಾರ. ಇವತ್ತ ಮುಂಜಾನೆ, ನಾಳಿಂದ ಬರಬ್ಯಾಡ ಅಂದ್ರು. ಮನ್ಯಾಗ ಏನಂತ ಹೇಳಲ್ರಿ?" ಎಂದ.

ಹೇಳಿ ಮುಗಿಸಿದ ಮೇಲೆ ಅವನಿಗೆ ಮನೆಯ ಟಿವಿ ನೆನಪಾಯಿತು. ಹೆಂಡತಿ ಪ್ರಮಿಳಾ ದಿನಾ ಸಂಜೆ ಓಣಿಯ ಹೆಂಗಸರ ಜೊತೆ ಕೂತು ಇದೇ ಚಾನೆಲ್ ನೋಡುತ್ತಿದ್ದಳು. ಕೆಲಸ ಹೋದ ಸುದ್ದಿ ಅವಳಿಗೆ ಎಲ್ಲರೆದುರು ಟಿವಿಯಿಂದ ತಿಳಿಯಬೇಕೇ? ರಾಮಲಿಂಗ ಕೈ ಮುಗಿದ. "ತಂಗಿ, ಇದನ್ನ ತೋರಿಸಬ್ಯಾಡ್ರಿ. ನನ್ನ ಹೇಣ್ತಿ ನೋಡತಾಳ."

ನಿಖಿತಾ ಆಗಲೇ ಗುಂಪಿನಲ್ಲಿ ಬೇರೊಬ್ಬರನ್ನು ಹುಡುಕುತ್ತಿದ್ದಳು. ಅವಳು ತಿರುಗಿ, ಸಮಾಧಾನ ಹೇಳುವವಳಂತೆ ಮೆತ್ತಗೆ, "ಚಿಂತಿ ಮಾಡಬ್ಯಾಡ್ರಿ ಕಾಕಾ, ಇಂಥಾದ್ದನ್ನ ನಾವು ಹಾಕೂದೇ ಇಲ್ಲ. ನೋಡೋ ಮಂದಿಗೆ ಬ್ಯಾಸರಾಗತೈತಿ," ಎಂದಳು. ಆಮೇಲೆ ಪಕ್ಕದ ಕಾಲೇಜು ಹುಡುಗನತ್ತ ಮೈಕು ಚಾಚಿ ಕ್ರಿಕೆಟ್ ಬಗ್ಗೆ ಕೇಳಿದಳು. ಗುಂಪು ಮತ್ತೆ ಗದ್ದಲವೆಬ್ಬಿಸಿತು.

ತೋರಿಸಬೇಡಿ ಎಂದು ಬೇಡಿಕೊಂಡವನು ತಾನೇ. ಆದರೂ ಮುಂಜಾನೆ ಫೌಂಡ್ರಿಯ ಸಾಹೇಬರ ಎದುರು ಬಾರದಿದ್ದ ಅಳು ರಾಮಲಿಂಗನಿಗೆ ಈಗ ಬಂತು.