ಗೆದ್ದರೆ ಕೆಟ್ಟೆ

ಆಟ ಶುರುವಾಗಿ ಜನ ಸರಿಯಾಗಿ ಕೂತಿರಲಿಲ್ಲ, ಅಷ್ಟರಲ್ಲೇ ತನ್ನ ತಂಡ ಗೋಲು ಹೊಡೆದಾಗ ಒತ್ತೊರೀನೊ ಬೆಲ್ಲೆತ್ತಿಯ ಎದೆ ಧಸಕ್ಕೆಂದಿತು. ಸುತ್ತಲಿನವರು ಕುಣಿಯುತ್ತಿದ್ದರು. ಊರಿನ ಪಾದ್ರಿ ಅವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟರು. ಕ್ಲಬ್ಬಿನ ಅಧ್ಯಕ್ಷನಾದವನು ನಗದಿದ್ದರೆ ಆದೀತೆ? ನಕ್ಕ. ಹಲ್ಲುನೋವಿನವನು ನಕ್ಕ ಹಾಗಿತ್ತು.

ಈ ಪಂದ್ಯ ಗೆದ್ದವರು ಮೇಲಿನ ದರ್ಜೆಗೆ ಏರುತ್ತಾರೆ. ಒತ್ತೊರೀನೊಗೆ ಬೇಕಾಗಿದ್ದದ್ದು ಸೋಲು.

ತಪ್ಪೆಲ್ಲ ನಾಲಿಗೆಯದು. ಇಟಲಿಯಲ್ಲಿ ಊರಿಗೊಂದು ಗಂಟೆಗೋಪುರ, ಊರಿಗೊಂದು ಫುಟ್‌ಬಾಲ್ ತಂಡ, ಆ ತಂಡಕ್ಕೆ ದುಡ್ಡು ಸುರಿಯಲು ಊರಿಗೊಬ್ಬ ಹುಚ್ಚ. ಮೊಂತೆಗ್ರಾನೆಯ ಹುಚ್ಚ ಇವನೇ, ಅಪ್ಪನ ಕಾಲದ ಚಪ್ಪಲಿ ಕಾರ್ಖಾನೆಯ ಒಡೆಯ. ಈ ವರ್ಷ ಹಾಸಿಗೆಯನ್ನು ನೋಡದೆ ಕಾಲು ಚಾಚಿದ. ಬ್ರೆಜಿಲಿನಿಂದ ಒಬ್ಬನನ್ನು ಕರೆಸಿ ಸಮುದ್ರ ಕಾಣುವ ಮನೆ ಹಿಡಿದುಕೊಟ್ಟ. ಸಾಲದ್ದಕ್ಕೆ ಜನವರಿಯ ಔತಣದಲ್ಲಿ, ಕೆಂಪು ವೈನ್ ತಲೆಗೇರಿದ ಮೇಲೆ ಎದ್ದು ನಿಂತು, ತಂಡ ಮೇಲೇರಿದರೆ ತಲೆಗೊಂದೊಂದು ಭಾರಿ ಬಹುಮಾನ ಎಂದು ಸಾರಿಬಿಟ್ಟ. ತಂಡ ಆಗ ಪಟ್ಟಿಯ ತಳದಲ್ಲಿತ್ತು. ಹೇಳಿದರೆ ಯಾರಪ್ಪನ ಗಂಟು ಹೋಗುತ್ತದೆ? ಆದರೆ ತರಬೇತುದಾರ ಘಾಟಿ ಮನುಷ್ಯ, ಅಲ್ಲೇ ಬರೆಸಿ ಸಹಿ ಹಾಕಿಸಿಕೊಂಡ. ಮರುದಿನದಿಂದ ಹುಡುಗರು ಸೋಲುವುದನ್ನೇ ಮರೆತರು.

ಲೆಕ್ಕ ಹಾಕಿ ತೋರಿಸಿದವಳು ಹೆಂಡತಿ ಯೊಲಾಂದಾ. "ಗೆದ್ರೆ ಕಾರ್ಖಾನೆ ಮಾರ್ಬೇಕು, ಕ್ಲಬ್ಬಿಗೂ ಬೀಗ. ಸೋತ್ರೆ ಚಪ್ಪಲಿ ಮಾರ್ಕೊಂಡಾದ್ರೂ ಬದುಕ್ಬೋದು, ನೋಡು," ಎಂದಿದ್ದಳು.

ಸೋತು ಬನ್ನಿ ಎಂದು ಹುಡುಗರಿಗೆ ಹೇಳುವಷ್ಟು ಕೆಟ್ಟವನಲ್ಲ ಒತ್ತೊರೀನೊ. ಸಲಹೆ ಕೊಟ್ಟ, ಅಷ್ಟೆ. ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವ ಫುಲ್ವಿಯೊ ಒಂದು ಕಾಲದ ಗೋಲ್‌ಕೀಪರ್. ಈಗ ಹೊಟ್ಟೆ ಬಂದಿದೆ, ಕನ್ನಡಕವೂ ಬಂದಿದೆ. ತಂಡಕ್ಕಾಗಿ ದುಡಿದ ಜೀವ, ಕೊನೆಯದೊಂದು ಪಂದ್ಯ ಆಡಲಿ ಎಂದು ಹಟ ಹಿಡಿದ. ಅಧ್ಯಕ್ಷರದು ಎಂಥ ದೊಡ್ಡ ಮನಸ್ಸು ಎಂದು ಊರೇ ಕಣ್ಣೊರೆಸಿಕೊಂಡಿತು.

ಪಕ್ಕದ ಕುರ್ಚಿಯಲ್ಲಿ ಎದುರಾಳಿ ತಂಡದ ಅಧ್ಯಕ್ಷ ಗೌದೆನ್ಸಿಯೊ ಕೂತಿದ್ದ. ಹೊಳೆಯಾಚೆಯ ವಾಲ್‌ತ್ರೆಸ್ಕಾದ ಕೋಳಿ ವ್ಯಾಪಾರಿ. ಎರಡು ಊರಿಗೂ ಮುತ್ತಜ್ಜರ ಕಾಲದಿಂದ ಹಾವು ಮುಂಗುಸಿ ಸ್ನೇಹ. ತನ್ನ ತಂಡ ಗೋಲು ತಿಂದಿದ್ದರೂ ಆಸಾಮಿ ಚಪ್ಪಾಳೆ ತಟ್ಟಿ, ಕರಿದ ಆಲಿವ್‌ಗಳ ಪೊಟ್ಟಣ ಮುಂದೆ ಹಿಡಿದ. ನಿಮ್ಮ ಹುಡುಗರು ಸೊಗಸಾಗಿ ಆಡುತ್ತಾರೆ ಎಂದು ಹೊಗಳಿದ. ಎಂಥ ಸೊಕ್ಕು ಎಂದುಕೊಂಡ ಒತ್ತೊರೀನೊ. ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯವಿರುವವನು ಮಾತ್ರ ಹೀಗೆ ಆಲಿವ್ ಹಂಚಬಲ್ಲ.

ನಂಬಿದ್ದ ಫುಲ್ವಿಯೊ ಕೈಕೊಟ್ಟ. ಕನ್ನಡಕ ತೆಗೆದಿಟ್ಟು ಆಡುತ್ತಿದ್ದವನಿಗೆ ಚೆಂಡು ಕಾಣುತ್ತಲೇ ಇರಲಿಲ್ಲ. ಆದರೆ ಬಂದ ಚೆಂಡೆಲ್ಲ ನೇರವಾಗಿ ಆ ಹೊಟ್ಟೆಗೇ ಬಡಿದು ಹಿಂದಿರುಗುತ್ತಿತ್ತು. ಜನ ಅವನ ಹೆಸರು ಹಿಡಿದು ಹಾಡತೊಡಗಿದರು. ಯೊಲಾಂದಾ ಗಂಡನ ತೊಡೆ ಚಿವುಟಿ, ಇನ್ನೂ ಯಾರ್ಯಾರನ್ನು ಸನ್ಮಾನಿಸುತ್ತೀಯ ಎಂದು ಕೇಳಿದಳು.

ಅರ್ಧ ಆಟ ಮುಗಿದ ಮೇಲೆ ವಾಲ್‌ತ್ರೆಸ್ಕಾದವರು ಒಬ್ಬ ಗಡ್ಡದ ದಾಂಡಿಗನನ್ನು ಇಳಿಸಿದರು. ಇವನನ್ನು ನೋಡಿದ ಹಾಗಿಲ್ಲವಲ್ಲ ಎಂದ ಒತ್ತೊರೀನೊ.

"ಸಾವೆರಿಯೊ ಅಂತ. ತುಂಬಾ ದಿನದಿಂದ ಆಡಿಲ್ಲ, ಪಾಪ," ಎಂದ ಗೌದೆನ್ಸಿಯೊ. "ಇವತ್ತು ಇಳಿಸ್ಲೇಬೇಕು ಅಂತ ನಾನೇ ಪಟ್ಟು ಹಿಡ್ದೆ."

ಕೊನೆಗೂ ದೇವರು ಕಣ್ಣು ಬಿಟ್ಟ. ಫುಲ್ವಿಯೊ ಚೆಂಡೆಂದು ಬಗೆದು ಗಾಳಿಯನ್ನು ತಬ್ಬಿಕೊಂಡ. ಎರಡೂ ತಂಡ ಸಮಸಮ. ಆಟ ಮುಗಿಯುವ ಹೊತ್ತಿಗೆ ಫುಲ್ವಿಯೊನ ಗೋಲಿನ ಮುಂದೆ ನೂಕುನುಗ್ಗಲು. ಸಾವೆರಿಯೊ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಯಾರೋ ಒದ್ದ ಚೆಂಡು ಅವನ ಬೆನ್ನಿಗೆ ಬಡಿದು ಬಲೆಯೊಳಗೆ ಹೋಗಿ ಬಿತ್ತು.

ಗೌದೆನ್ಸಿಯೊ ತಟಕ್ಕನೆ ಎದ್ದ. ಕೋಟಿನ ಗುಂಡಿ ಹಾಕಿಕೊಂಡು, ಮೆಟ್ಟಿಲುಗಳನ್ನು ಹಾರಿಹಾರಿ ಇಳಿದು ಮರೆಯಾದ. ಹುಡುಗರನ್ನು ತಬ್ಬಿಕೊಳ್ಳುವ ಆತುರ ಎಂದುಕೊಂಡ ಒತ್ತೊರೀನೊ. ಅವನಿಗೂ ಯಾರನ್ನಾದರೂ ತಬ್ಬಿಕೊಳ್ಳಬೇಕೆನಿಸಿತ್ತು. ಸೀಟಿ ಊದಿದ್ದೇ ತಡ, ಗಳಗಳ ಅತ್ತುಬಿಟ್ಟ. ಕಾರ್ಖಾನೆ ಉಳಿಯಿತು, ಕ್ಲಬ್ಬೂ ಉಳಿಯಿತು! ಪಾದ್ರಿ ಬೆನ್ನು ಸವರಿ, ಮುಂದಿನ ವರ್ಷ ನೋಡೋಣ ಮಗನೇ ಎಂದರು.

"ಅಳು, ಚೆನ್ನಾಗಿ ಅಳು. ನಗಬೇಡ ಮತ್ತೆ," ಎಂದು ಯೊಲಾಂದಾ ಕಿವಿಯಲ್ಲಿ ಉಸುರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಗೌದೆನ್ಸಿಯೊ ಏದುಸಿರು ಬಿಡುತ್ತ ಮೇಲೆ ಬಂದ, ಮುಖ ಊರಗಲ. ಒತ್ತೊರೀನೊ ಧಾರಾಳವಾಗಿ ಎರಡೂ ಕೈ ಚಾಚಿ ಅಭಿನಂದಿಸಿದ. ಅರ್ಹರು ಗೆದ್ದಿರಿ, ಮೇಲಿನ ದರ್ಜೆಯಲ್ಲಿ ನಮ್ಮ ಸೀಮೆಯ ಹೆಸರು ಉಳಿಸಿ ಎಂದ. ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

"ಅಭಿನಂದನೆ ನಂಗಲ್ಲ ಮಾರಾಯ್ರೆ," ಎಂದು ಗೌದೆನ್ಸಿಯೊ ಅವನನ್ನು ಮೂಲೆಗೆ ಎಳೆದ. "ನಿಮ್ಮತ್ರ ಮುಚ್ಚಿಡೋದೇನು. ಕುಡಿದ ಮತ್ತಲ್ಲಿ ಹುಡುಗ್ರಿಗೆಲ್ಲ ಬಹುಮಾನ ಬರ್ಕೊಟ್ಟು ಕೂತಿದ್ದೆ. ಮೇಲೆ ಹೋದ್ರೆ ನಾನು ಕೋಳಿ ಸಮೇತ ಹರಾಜು."

ಒತ್ತೊರೀನೊಗೆ ಅಯ್ಯೋ ಅನಿಸಿತು. ಮೊದಲ ಬಾರಿಗೆ ಹೊಳೆಯಾಚೆಯವನೊಬ್ಬನ ಮೇಲೆ ಮರುಕ ಹುಟ್ಟಿತು. ಹಾಗಾದರೆ ಗತಿಯೇನು ಎಂದು ಮೆಲ್ಲಗೆ ಕೇಳಿದ.

"ಗತಿ ಏನು ಬಂತು, ಆ ಸಾವೆರಿಯೊ ಮೇಲೆ ಇನ್ನೂ ನಿಷೇಧ ಇದೆ. ಅಂಥವನನ್ನ ಆಡಿಸಿದ್ರೆ ಎದುರಿನವ್ರೇ ಗೆದ್ದಂಗೆ ಲೆಕ್ಕ. ದೂರು ಕೊಡೋ ತೊಂದ್ರೆ ನಿಮಗ್ಯಾಕೆ ಅಂತ ನಾನೇ ಈಗ ರೆಫರಿ ಕೈಗೆ ಬರ್ಕೊಟ್ಟು ಬಂದೆ, ಮೇಲೆ ಹೋಗೋರು ನೀವೇ."